ಖಾರದ ಮೆಣಸಿನಕಾಯಿ: ಬೀಜದಿಂದ ಬಾಣಲೆಯವರೆಗೆ

ಮೆಣಸಿನ ಗಿಡದ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳು ಸುತ್ತಿಬಳಸಿ ಮೂರೇ. ಬಿತ್ತಿ ಎರಡು ವಾರವಾಯಿತು, ಮೊಳಕೆ ಏಕೆ ಬಂದಿಲ್ಲ? ಬಂದ ಹೂವೆಲ್ಲ ಉದುರುತ್ತಿದೆ, ಏನು ಮಾಡಲಿ? ಗಿಡದ ತುಂಬ ಕಾಯಿ ಇದೆ, ಆದರೆ ಬಾಯಿಗಿಡಲು ಆಗುತ್ತಿಲ್ಲ, ಹೇಗೆ ಬಳಸಲಿ? ಮೂರನೆಯ ಪ್ರಶ್ನೆ ಕೇಳುವವರು ಬಹುಮಟ್ಟಿಗೆ ಜಗತ್ತಿನ ಅತಿ ಖಾರದ ತಳಿಯನ್ನೇ ಹುಡುಕಿ ತರಿಸಿಕೊಂಡವರು. ಅವರ ಉತ್ಸಾಹಕ್ಕೆ ತಣ್ಣೀರೆರಚುವ ಇರಾದೆ ನನಗಿಲ್ಲ. ಆದರೆ ಹೊಸಬರು ಮೊದಲ ವರ್ಷ ಕಲಿಯಬೇಕಾದ ವಿದ್ಯೆ ಖಾರವನ್ನು ಅಳತೆಯಲ್ಲಿಡುವುದು. ಬೆಳೆಸುವ ಕೆಲಸವೂ ಅಡುಗೆಯ ಕೆಲಸವೂ ಅಲ್ಲಿಂದಲೇ ಹಗುರವಾಗುತ್ತವೆ.

ಮೊದಲು ಖಾರದ ವಿಚಾರ

ಮೆಣಸಿನಕಾಯಿಯ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಮತ್ತು ಅದರ ಬಳಗದ ಕೆಲವು ರಾಸಾಯನಿಕಗಳು. ಖಾರವೆಲ್ಲ ಬೀಜದಲ್ಲಿದೆ ಎಂಬ ನಂಬಿಕೆ ಹಳೆಯದು, ತಪ್ಪು ಕೂಡ. ಕಾಯಿಯ ಒಳಗೆ, ತೊಟ್ಟಿನ ಕಡೆಯಿಂದ ಇಳಿದು ಬೀಜಗಳನ್ನು ಹಿಡಿದುಕೊಂಡಿರುವ ಬಿಳಿ ತಿರುಳು ಇರುತ್ತದಲ್ಲ, ಕ್ಯಾಪ್ಸೈಸಿನ್ ತಯಾರಾಗುವುದು ಅಲ್ಲಿ. ಬೀಜ ಅದಕ್ಕೆ ಅಂಟಿಕೊಂಡಿರುವುದರಿಂದ ಮೈಗೆ ಖಾರ ಬಳಿದುಕೊಂಡಿರುತ್ತದೆ, ಅಷ್ಟೆ. ಕಾಯಿಯ ತುದಿಯಲ್ಲಿ ಖಾರ ಕಡಿಮೆ, ತೊಟ್ಟಿನ ಬಳಿ ಹೆಚ್ಚು ಇರುವುದಕ್ಕೂ ಇದೇ ಕಾರಣ.

ನಾಲಿಗೆಯಲ್ಲಿ ಇದು ರುಚಿಯಾಗಿ ದಾಖಲಾಗುವುದಿಲ್ಲ. ಬಿಸಿಯನ್ನು ಗುರುತಿಸುವ ನರತಂತುಗಳ ಮೇಲಿನ ಒಂದು ಗ್ರಾಹಕವನ್ನು ಕ್ಯಾಪ್ಸೈಸಿನ್ ತಟ್ಟಿ ಎಬ್ಬಿಸುತ್ತದೆ. ಮಿದುಳು ಬಾಯಿ ಸುಟ್ಟಿತೆಂದು ತಿಳಿಯುತ್ತದೆ. ಈ ಗ್ರಾಹಕವನ್ನು 1997ರಲ್ಲಿ ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಹಕ್ಕಿಗಳ ಗ್ರಾಹಕಕ್ಕೆ ಕ್ಯಾಪ್ಸೈಸಿನ್ ತಾಗುವುದಿಲ್ಲ. ಆದ್ದರಿಂದಲೇ ಅವು ಹಣ್ಣು ಮೆಣಸಿನಕಾಯಿಯನ್ನು ನಿಶ್ಚಿಂತೆಯಿಂದ ತಿಂದು ಬೀಜ ಹರಡುತ್ತವೆ. ನಿಮ್ಮ ಗಿಡಕ್ಕೆ ಹಕ್ಕಿ ಮುತ್ತಿದರೆ ಖಾರವೇ ಕಾವಲು ಎಂದು ಸುಮ್ಮನಿರಬೇಡಿ, ಬಲೆ ಹೊದಿಸಿ.

ಖಾರದ ಅಳತೆಗೆ ಸ್ಕೋವಿಲ್ ಮಾನ ಎನ್ನುತ್ತಾರೆ. ವಿಲ್ಬರ್ ಸ್ಕೋವಿಲ್ 1912ರಲ್ಲಿ ರೂಪಿಸಿದ ವಿಧಾನದಲ್ಲಿ ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳುಮಾಡುತ್ತ ಹೋಗಿ, ರುಚಿ ನೋಡುವವರಿಗೆ ಖಾರ ತಿಳಿಯದಂತಾಗಲು ಎಷ್ಟು ಪಟ್ಟು ತೆಳುವಾಗಬೇಕೆಂದು ಲೆಕ್ಕ ಹಾಕುತ್ತಿದ್ದರು. ಈಗ ಪ್ರಯೋಗಾಲಯದ ಯಂತ್ರಗಳು ಕ್ಯಾಪ್ಸೈಸಿನ್ ಪ್ರಮಾಣವನ್ನೇ ನೇರವಾಗಿ ಅಳೆಯುತ್ತವೆ. ಹಲಪೇನ್ಯೊ ತಳಿ 2,500ರಿಂದ 8,000. ಕೇಯೆನ್ 30,000ದಿಂದ 50,000. ಹಬನೇರೊ 1 ಲಕ್ಷದಿಂದ 3.5 ಲಕ್ಷ, ಭೂತ್ ಜೊಲೊಕಿಯಾ ಸುಮಾರು 10 ಲಕ್ಷ. 2023ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ ಪೆಪ್ಪರ್ ಎಕ್ಸ್‌ನ ಸರಾಸರಿ 26 ಲಕ್ಷ ದಾಟುತ್ತದೆ. ಬೀಜದ ಪೊಟ್ಟಣದ ಮೇಲಿನ ಅಂಕಿಯನ್ನು ವೇದವಾಕ್ಯವೆಂದು ತಿಳಿಯಬೇಡಿ. ಒಂದೇ ಗಿಡದ ಎರಡು ಕಾಯಿಗಳಲ್ಲೂ ಖಾರ ಬೇರೆಬೇರೆ ಇರಬಹುದು.

1. ತಳಿ ಆರಿಸಿಕೊಳ್ಳಿ

ಕೃಷಿಯಲ್ಲಿರುವ ಮೆಣಸಿನಕಾಯಿಗಳು ಮುಖ್ಯವಾಗಿ ಐದು ಜಾತಿಗೆ ಸೇರುತ್ತವೆ. ಹೊಸಬರಿಗೆ ಅವುಗಳಲ್ಲಿ ಎರಡು ತಿಳಿದಿದ್ದರೆ ಸಾಕು. ಹಲಪೇನ್ಯೊ, ಕೇಯೆನ್ ಮತ್ತು ಖಾರವೇ ಇಲ್ಲದ ದಪ್ಪ ಮೆಣಸಿನಕಾಯಿ ಸೇರಿರುವ ‘ಆನ್ಯುಅಮ್’ ಜಾತಿ ಬೇಗ ಮೊಳೆಯುತ್ತದೆ, ಬೇಗ ಕಾಯಿ ಬಿಡುತ್ತದೆ, ಸಣ್ಣಪುಟ್ಟ ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ. ಹಬನೇರೊ, ಭೂತ್ ಜೊಲೊಕಿಯಾ, ಕ್ಯಾರೊಲೈನಾ ರೀಪರ್ ಸೇರಿರುವ ‘ಚೈನೆನ್ಸ್’ ಜಾತಿಗೆ ಹಣ್ಣಿನಂಥ ಪರಿಮಳವಿದೆ, ಖಾರ ಅತಿ ಹೆಚ್ಚು, ಮತ್ತು ಎಲ್ಲದಕ್ಕೂ ಹೆಚ್ಚು ಸಮಯ ಬೇಕು.

ನನ್ನ ಸಲಹೆ ಮೂರು ಗಿಡ. ಒಂದು ಹಲಪೇನ್ಯೊದಂಥ ಸೌಮ್ಯ ತಳಿ, ಒಂದು ಕೇಯೆನ್‌ನಂಥ ತೆಳು ಸಿಪ್ಪೆಯ ತಳಿ, ಒಂದು ಹಬನೇರೊ. ಮೊದಲನೆಯದು ಹಸಿಯಾಗಿ ಬಳಸಲು, ಎರಡನೆಯದು ಒಣಗಿಸಲು, ಮೂರನೆಯದು ಪರಿಮಳಕ್ಕೆ. ರೀಪರ್ ಬಿತ್ತಲೇಬೇಕೆಂಬ ಹಟವಿದ್ದರೆ ಒಂದೇ ಒಂದು ಗಿಡ ಇಟ್ಟುಕೊಳ್ಳಿ. ಅದರ ಒಂದು ವರ್ಷದ ಫಸಲನ್ನೇ ಮನೆಯವರು ಮುಗಿಸಲಾರರು.

2. ಬೇಕಾದವುಗಳನ್ನು ಜೋಡಿಸಿಕೊಳ್ಳಿ

ಸಸಿ ತಟ್ಟೆ ಅಥವಾ ತಳದಲ್ಲಿ ತೂತಿರುವ ಸಣ್ಣ ಲೋಟಗಳು, ತೆಂಗಿನ ನಾರಿನ ಪುಡಿ, ಚೆನ್ನಾಗಿ ಕಳಿತ ಕಾಂಪೋಸ್ಟ್, ನೀರು ಸಿಂಪಡಿಸುವ ಬಾಟಲಿ, ಕೊನೆಗೆ ಗಿಡವೊಂದಕ್ಕೆ 10ರಿಂದ 15 ಲೀಟರ್ ಹಿಡಿಯುವ ಕುಂಡ. ಅಡುಗೆಮನೆಗೆ ನೈಟ್ರೈಲ್ ಕೈಗವಸು. ಒಂದು ಥರ್ಮಾಮೀಟರ್ ಇದ್ದರೆ ಊಹಿಸುವ ಕಷ್ಟ ಬಹಳಷ್ಟು ತಪ್ಪುತ್ತದೆ.

3. ಬಿತ್ತಿ, ಬೆಚ್ಚಗಿಡಿ

ಮೊಳಕೆ ಬಾರದಿರುವುದಕ್ಕೆ ಹಳೆಯ ಬೀಜಕ್ಕಿಂತ ತಣ್ಣನೆಯ ಮಣ್ಣು ಕಾರಣವಾಗುವುದೇ ಹೆಚ್ಚು. ಮೆಣಸಿನ ಬೀಜಕ್ಕೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಬೇಕು, ಅದೂ ಮಣ್ಣಿನಲ್ಲಿ. ಕೋಣೆಯ ಗಾಳಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒದ್ದೆ ಮಣ್ಣು ಕೋಣೆಗಿಂತ ತಂಪಾಗಿರುತ್ತದೆ ಎಂಬುದನ್ನು ಮರೆಯುವವರೇ ಬಹಳ.

ಬೀಜಗಳನ್ನು ಒಂದು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ. ಜರಡಿ ಹಿಡಿದ ನಾರಿನ ಪುಡಿಗೆ ಸ್ವಲ್ಪ ಕಾಂಪೋಸ್ಟ್ ಬೆರೆಸಿ ತಟ್ಟೆ ತುಂಬಿ, ಅರ್ಧ ಸೆಂಟಿಮೀಟರ್ ಆಳದಲ್ಲಿ ಬೀಜವಿಟ್ಟು ತೆಳುವಾಗಿ ಮುಚ್ಚಿ. ತೇವ ಆರದಂತೆ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಆನ್ಯುಅಮ್ ಜಾತಿಯ ಬೀಜ ಒಂದೆರಡು ವಾರದಲ್ಲಿ ಮೊಳೆಯುತ್ತದೆ. ಚೈನೆನ್ಸ್‌ಗೆ ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು. ಬೀಜ ಏನಾಯಿತೆಂದು ಮಣ್ಣು ಕೆದಕಿ ನೋಡುವ ಚಪಲವನ್ನು ಹತ್ತಿಕ್ಕಿಕೊಳ್ಳಿ. ಆಗಷ್ಟೇ ಒಡೆದ ಬೇರು ಮುರಿಯುವುದು ಹಾಗೆಯೇ.

ಮೊದಲ ಹಸಿರು ಕಂಡ ಕೂಡಲೇ ಹೊದಿಕೆ ತೆಗೆದು ಬೆಳಕಿಗಿಡಿ. ಒಂದು ದಿನದ ಕತ್ತಲೆಯೂ ಸಸಿಯನ್ನು ತೆಳ್ಳಗೆ ಉದ್ದವಾಗಿಸುತ್ತದೆ.

4. ಸಸಿಯ ಹಂತ: ಕೈ ಬಿಗಿಹಿಡಿಯಿರಿ

ಚೆನ್ನಾಗಿದ್ದ ಸಸಿ ಬೆಳಿಗ್ಗೆ ನೋಡಿದರೆ ಬುಡದಲ್ಲಿ ಕರಗಿದಂತಾಗಿ ಒರಗಿರುತ್ತದೆ. ಇದು ಸಸಿ ಕೊಳೆ ರೋಗ. ಸದಾ ಒದ್ದೆಯಾದ ಮಣ್ಣಿನಲ್ಲಿ, ಗಾಳಿಯಾಡದ ಕಡೆ ಶಿಲೀಂಧ್ರಗಳಿಂದ ಬರುತ್ತದೆ. ಬಂದ ಮೇಲೆ ಆ ಸಸಿಗೆ ಮದ್ದಿಲ್ಲ. ಮೇಲ್ಮಣ್ಣು ಸ್ವಲ್ಪ ಒಣಗಲು ಬಿಟ್ಟು ತಟ್ಟೆಯ ಕೆಳಗಿನಿಂದ ನೀರುಣಿಸಿದರೆ, ಗಾಳಿಯಾಡಿಸಿದರೆ ಬರುವುದೇ ಅಪರೂಪ.

ಮೊದಲು ಬರುವ ಎರಡು ನೀಳ ಎಲೆಗಳು ಬೀಜದಳಗಳು. ಆಮೇಲೆ ಬರುವವು ನಿಜ ಎಲೆಗಳು. ಎರಡು ನಿಜ ಎಲೆ ಬಂದ ಮೇಲೆ ಸಸಿಯನ್ನು ಬೇರೆ ಲೋಟಕ್ಕೆ ವರ್ಗಾಯಿಸಿ, ಆಗ ತುಸು ಗೊಬ್ಬರ ಕೊಡಬಹುದು. ಅದಕ್ಕೆ ಮುಂಚೆ ಏನೂ ಬೇಡ.

5. ದೊಡ್ಡ ಕುಂಡಕ್ಕೆ, ಬಿಸಿಲಿಗೆ

ಆರೆಂಟು ನಿಜ ಎಲೆ ಬಂದು ಲೋಟದ ತಳದಲ್ಲಿ ಬೇರು ಕಾಣಿಸಿದಾಗ ಕುಂಡಕ್ಕೆ ಬದಲಿಸುವ ಹೊತ್ತು. ಆದರೆ ಒಳಗೆ ಬೆಳೆದ ಸಸಿಯನ್ನು ನೇರವಾಗಿ ಪೂರ್ಣ ಬಿಸಿಲಿಗೆ ಇಟ್ಟರೆ ಎಲೆಗಳು ಬಿಳಿಚಿ ಸುಟ್ಟುಹೋಗುತ್ತವೆ. ಮೊದಲ ದಿನ ಒಂದು ಗಂಟೆ ಬೆಳಗಿನ ಬಿಸಿಲು, ಮರುದಿನ ಎರಡು ಗಂಟೆ, ಹೀಗೆ ಒಂದು ವಾರ ಹತ್ತು ದಿನ ಪಳಗಿಸಿ. ಆಮೇಲೆ ದಿನಕ್ಕೆ ಆರರಿಂದ ಎಂಟು ಗಂಟೆ ಬಿಸಿಲು ಬೀಳುವ ಜಾಗ.

ಮಣ್ಣು, ಕಾಂಪೋಸ್ಟ್, ನಾರಿನ ಪುಡಿ ಸಮಸಮ ಪಾಲು. ಮಣ್ಣು ಜಿಗುಟಾಗಿದ್ದರೆ ಅದರ ಪಾಲು ಕಡಿಮೆ ಮಾಡಿ ದಪ್ಪ ಮರಳು ಸೇರಿಸಿ. ಬೆರಳುದ್ದದ ಸಸಿಯನ್ನು ಒಮ್ಮೆಗೇ 15 ಲೀಟರ್ ಕುಂಡಕ್ಕೆ ಹಾಕಬೇಡಿ. ಬೇರು ತಲುಪದ ಮಣ್ಣು ಒದ್ದೆಯಾಗಿಯೇ ಉಳಿದು ಹುಳಿಯುತ್ತದೆ.

6. ನೀರು ಮತ್ತು ಗೊಬ್ಬರ

ಬೆರಳನ್ನು ಎರಡು ಗೆಣ್ಣಿನಷ್ಟು ಆಳ ಮಣ್ಣಿಗೆ ಇಳಿಸಿ ನೋಡಿ. ಒಣಗಿದ್ದರೆ ಕುಂಡದ ತೂತಿನಿಂದ ನೀರು ಹೊರಬರುವಷ್ಟು ಹಾಕಿ, ತೇವವಿದ್ದರೆ ಸುಮ್ಮನಿರಿ. ಗಡಿಯಾರ ನೋಡಿ ನೀರು ಹಾಕುವ ಶಿಸ್ತು ಮೆಣಸಿನ ಗಿಡಕ್ಕೆ ಒಗ್ಗುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಎಲೆ ಜೋತು ಸಂಜೆಗೆ ಚೇತರಿಸಿಕೊಂಡರೆ ಗಿಡಕ್ಕೆ ಏನೂ ಆಗಿಲ್ಲ. ಮಣ್ಣು ಒದ್ದೆಯಿದ್ದೂ ಬೆಳಿಗ್ಗೆಯೇ ಜೋತಿದ್ದರೆ ಬೇರು ಕೊಳೆಯುತ್ತಿದೆ. ಅದನ್ನು ಬಾಯಾರಿಕೆ ಎಂದು ತಿಳಿದು ಮತ್ತಷ್ಟು ನೀರು ಸುರಿಯುವುದು ಮೆಣಸಿನ ಗಿಡಗಳ ಸಾವಿಗೆ ದೊಡ್ಡ ಕಾರಣ.

ಗೊಬ್ಬರದಲ್ಲಿ ಸಾರಜನಕ ಎಲೆಗೆ, ಪೊಟ್ಯಾಷ್ ಹೂ ಕಾಯಿಗೆ ಎಂದು ಸ್ಥೂಲವಾಗಿ ನೆನಪಿಡಿ. ಮೊಗ್ಗು ಕಾಣುವವರೆಗೆ ಸಮತೋಲದ ಗೊಬ್ಬರ, ಆಮೇಲೆ ಪೊಟ್ಯಾಷ್ ಹೆಚ್ಚಿರುವುದು. ಗಿಡ ಹಚ್ಚಹಸಿರಾಗಿ ಪೊದೆಯಂತೆ ಬೆಳೆದು ಹೂವನ್ನೇ ಬಿಡದಿದ್ದರೆ ಸಾರಜನಕ ಅತಿಯಾಗಿದೆ. ಎಪ್ಸಮ್ ಉಪ್ಪನ್ನು ಸರ್ವರೋಗಕ್ಕೂ ಮದ್ದೆಂದು ಹೇಳುವವರ ಮಾತು ನಂಬಬೇಡಿ. ಅದು ಮೆಗ್ನೀಸಿಯಮ್ ಕೊರತೆಗೆ ಮಾತ್ರ. ಹಳೆಯ ಎಲೆಗಳಲ್ಲಿ ನರ ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾಗುವುದು ಅದರ ಲಕ್ಷಣ.

ಕಾಯಿಯ ತುದಿಯಲ್ಲಿ ಕಂದುಬಣ್ಣದ ತಗ್ಗು ಕಲೆ ಬಿದ್ದರೆ ಕಾಯಿಗೆ ಸುಣ್ಣದಂಶ ತಲುಪಿಲ್ಲ ಎಂದರ್ಥ. ಮಣ್ಣಿನಲ್ಲಿ ಅದು ಇಲ್ಲವೆಂದೇನೂ ಅಲ್ಲ. ಒಮ್ಮೆ ಬರ, ಒಮ್ಮೆ ಪ್ರವಾಹ ಎಂಬಂತೆ ನೀರು ಕೊಟ್ಟರೆ ಗಿಡ ಅದನ್ನು ಸಾಗಿಸಲಾರದು. ನೀರನ್ನು ಸರಿಪಡಿಸಿದರೆ ಮುಂದಿನ ಕಾಯಿಗಳು ಸರಿಯಾಗುತ್ತವೆ.

7. ಹೂ ಉದುರಿದರೆ

ಹಗಲು 35 ಡಿಗ್ರಿ ದಾಟಿದಾಗ, ರಾತ್ರಿ 15ಕ್ಕಿಂತ ಕೆಳಗಿಳಿದಾಗ ಅಥವಾ ಬಹಳ ಬೆಚ್ಚಗಿದ್ದಾಗ ಮೆಣಸಿನ ಗಿಡ ತಾನಾಗಿಯೇ ಹೂ ಕಳಚುತ್ತದೆ. ಗಿಡ ಆರೋಗ್ಯವಾಗಿದ್ದರೆ ಕಾಯುವುದೊಂದೇ ದಾರಿ. ಸುಡುವ ಮಧ್ಯಾಹ್ನಗಳಲ್ಲಿ ನೆರಳು ಬಟ್ಟೆ ಕಟ್ಟಬಹುದು. ನೀರಿನ ಏರುಪೇರು ಮತ್ತು ಸಾರಜನಕದ ಅತಿರೇಕ ಉಳಿದ ಎರಡು ಕಾರಣಗಳು. ಮೆಣಸಿನ ಹೂ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಗಾಳಿಯಾಡದ ಬಾಲ್ಕನಿಯಲ್ಲಿ ಬೆಳಗಿನ ಹೊತ್ತು ಕೊಂಬೆಯನ್ನು ಮೆಲ್ಲನೆ ಅಲುಗಿಸಿದರೆ ಸಾಕು. ಗೇಣುದ್ದದ ಗಿಡದಲ್ಲಿ ಬರುವ ಮೊದಮೊದಲ ಹೂಗಳನ್ನು ನೀವೇ ಚಿವುಟಿ ಹಾಕಿ. ಮನಸ್ಸು ಒಪ್ಪುವುದಿಲ್ಲ, ಆದರೂ.

8. ಎಲೆ ಮುರುಟಿದರೆ

ಸಿಕ್ಕ ಔಷಧಿ ಸಿಂಪಡಿಸುವ ಮೊದಲು ಎಲೆ ಯಾವ ಕಡೆಗೆ ಮುರುಟಿದೆ ನೋಡಿ. ಅಂಚು ಮೇಲಕ್ಕೆ ಮಡಚಿ ಎಲೆ ದೋಣಿಯಂತಾಗಿದ್ದರೆ ಥ್ರಿಪ್ಸ್, ಅಂದರೆ ಎಲೆಯ ರಸ ಹೀರುವ ನೂಲಿನಷ್ಟು ಸಣ್ಣ ಕೀಟ. ಅಂಚು ಕೆಳಕ್ಕೆ ಮಡಚಿ, ಚಿಗುರೆಲೆ ಕಿರಿದಾಗಿ ಒರಟಾಗಿದ್ದರೆ ಮೈಟ್ ನುಸಿ. ಇದು ಜೇಡದ ಸಂಬಂಧಿ, ಕೀಟವೇ ಅಲ್ಲ; ಹಾಗಾಗಿ ಹಲವು ಕೀಟನಾಶಕಗಳು ಇದರ ಮೇಲೆ ಕೆಲಸ ಮಾಡುವುದಿಲ್ಲ. ಎಲೆ ಅಂಟಂಟಾಗಿ ಇರುವೆ ಓಡಾಡುತ್ತಿದ್ದರೆ ಸಸ್ಯಹೇನು.

ಶುರುವಿನಲ್ಲಿ ಹಿಡಿದರೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಅದು ನೀರಿನಲ್ಲಿ ಬೆರೆಯಲು ಕೆಲವು ಹನಿ ದ್ರವ ಸೋಪು ಹಾಕಿ ಚೆನ್ನಾಗಿ ಕುಲುಕಿ, ಸಂಜೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ವಾರಕ್ಕೊಮ್ಮೆ, ಮೂರು ನಾಲ್ಕು ಬಾರಿ. ನಡುಹಗಲಿನಲ್ಲಿ ಸಿಂಪಡಿಸಿದರೆ ಎಣ್ಣೆಯೇ ಎಲೆಯನ್ನು ಸುಡುತ್ತದೆ. ಮೈಟ್ ನುಸಿಗೆ ನೀರಿನಲ್ಲಿ ಕರಗುವ ಗಂಧಕ ಪರಿಣಾಮಕಾರಿ, ಆದರೆ ಎಣ್ಣೆ ಸಿಂಪಡಿಸಿದ ಎರಡು ವಾರದೊಳಗೆ ಗಂಧಕ ಬೇಡ, ಎರಡೂ ಸೇರಿದರೆ ಗಿಡಕ್ಕೆ ಹಾನಿ. ಬಿಳಿನೊಣ ಹರಡುವ ಎಲೆ ಮುರುಟು ವೈರಾಣು ತಗಲಿ ಗಿಡವೇ ಕುಗ್ಗಿಹೋಗಿದ್ದರೆ ಔಷಧಿಯಿಲ್ಲ. ಕಿತ್ತು ದೂರ ಎಸೆಯಿರಿ, ಉಳಿದ ಗಿಡಗಳಾದರೂ ಬದುಕುತ್ತವೆ.

9. ಕೊಯ್ಲು

ಕುಂಡಕ್ಕೆ ನೆಟ್ಟ ಎರಡು ಮೂರು ತಿಂಗಳಿಗೆ ಆನ್ಯುಅಮ್ ಕೊಯ್ಲಿಗೆ ಬರುತ್ತದೆ, ಚೈನೆನ್ಸ್‌ಗೆ ಮೂರು ನಾಲ್ಕು ತಿಂಗಳು. ಹಸಿರು ಕಾಯಿಗೆ ಹುಲ್ಲಿನಂಥ ಕಟು ವಾಸನೆ, ಹಣ್ಣಾದದ್ದಕ್ಕೆ ಸಿಹಿ ಮತ್ತು ಪರಿಮಳ. ಹಬನೇರೊವನ್ನು ಹಸಿರಿನಲ್ಲಿ ಕೊಯ್ಯುವುದು ಅದನ್ನು ಬೆಳೆದ ಶ್ರಮಕ್ಕೆ ಮಾಡುವ ಅಪಚಾರ. ಕೊಂಬೆಗಳು ಪೆಡಸು, ಜಗ್ಗದೆ ಕತ್ತರಿಯಿಂದ ತೊಟ್ಟು ಕತ್ತರಿಸಿ. ಕೊಯ್ಯುತ್ತಿದ್ದಷ್ಟೂ ಗಿಡ ಕಾಯಿ ಬಿಡುತ್ತದೆ.

10. ಕತ್ತರಿಸುವ ಮುನ್ನ

ಹಬನೇರೊ ಅಥವಾ ಅದಕ್ಕಿಂತ ಖಾರದ್ದಾದರೆ ಕೈಗವಸು ಕಡ್ಡಾಯ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಎಣ್ಣೆಯಲ್ಲಿ, ಕೊಬ್ಬಿನಲ್ಲಿ, ಮದ್ಯಸಾರದಲ್ಲಿ ಕರಗುತ್ತದೆ. ಬರಿಗೈಯಲ್ಲಿ ಕತ್ತರಿಸಿ ಕೈ ಉರಿಯುತ್ತಿದ್ದರೆ ಮೊದಲು ಅಡುಗೆ ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಪಾತ್ರೆ ತೊಳೆಯುವ ಸೋಪಿನಿಂದ ತೊಳೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಆ ದಿನ ಬರಿಗೈಯಲ್ಲಿ ಮೆಣಸಿನಕಾಯಿ ಮುಟ್ಟಲೇಬೇಡಿ. ಕಣ್ಣಿಗೆ ತಾಗಿದರೆ ಶುದ್ಧ ನೀರಿನಲ್ಲಿ ಹದಿನೈದು ನಿಮಿಷ ಬಿಡದೆ ತೊಳೆದು, ಉರಿ ಇಳಿಯದಿದ್ದರೆ ವೈದ್ಯರಲ್ಲಿಗೆ ಹೋಗಿ. ಹಾಲನ್ನು ಕಣ್ಣಿಗೆ ಹಾಕಬಾರದು. ಅದು ಬಾಯಿಗೆ ಮಾತ್ರ.

ಬಾಯಿ ಉರಿಗೆ ಹಾಲು, ಮೊಸರು ಒದಗಿಬರುತ್ತವೆ. ಅವುಗಳ ಕೇಸಿನ್ ಎಂಬ ಪ್ರೋಟೀನು ಕ್ಯಾಪ್ಸೈಸಿನ್ ಅನ್ನು ಹಿಡಿದು ನಾಲಿಗೆಯಿಂದ ಬಿಡಿಸುತ್ತದೆ. ನೀರು ಕುಡಿದರೆ ಉರಿ ಬಾಯಿ ತುಂಬ ಹರಡುತ್ತದೆ.

11. ಅಡುಗೆ

ಇಲ್ಲಿ ನಿಮ್ಮ ಹಿಡಿತದಲ್ಲಿರುವ ಕೀಲಿಗಳು ಮೂರು: ತಿರುಳು, ಸೀಳು, ಕೊಬ್ಬು. ಖಾರ ಕಡಿಮೆ ಬೇಕಿದ್ದರೆ ಚಮಚದ ಅಂಚಿನಿಂದ ಬಿಳಿ ತಿರುಳನ್ನು ಕೆರೆದು ತೆಗೆಯಿರಿ. ಪರಿಮಳ ಸಿಪ್ಪೆಯಲ್ಲಿ ಉಳಿಯುತ್ತದೆ. ಇಡೀ ಕಾಯಿಯನ್ನು ಒಡೆಯದಂತೆ ಬೇಯುವ ಪದಾರ್ಥದಲ್ಲಿ ಹಾಕಿ ಬಡಿಸುವ ಮುನ್ನ ಎತ್ತಿಬಿಟ್ಟರೆ ಪರಿಮಳ ಹೆಚ್ಚು, ಖಾರ ಅಲ್ಪ. ಅತಿ ಖಾರದ ಕಾಯಿಗಳನ್ನು ಹೊಸಬರು ಬಳಸಲು ಇದಕ್ಕಿಂತ ಒಳ್ಳೆಯ ವಿಧಾನ ನನಗೆ ತಿಳಿಯದು. ಸೀಳಿ ಹಾಕಿದರೆ ಖಾರ ಏರುತ್ತದೆ, ಸಣ್ಣಗೆ ಹೆಚ್ಚಿದರೆ ಇನ್ನೂ ಏರುತ್ತದೆ, ಅರೆದರೆ ಎಲ್ಲವೂ ಹೊರಬರುತ್ತದೆ.

ಆರಂಭದಲ್ಲೇ ಎಣ್ಣೆಯಲ್ಲಿ ಬಾಡಿಸಿದರೆ ಖಾರ ಎಣ್ಣೆಗಿಳಿದು ಅಡುಗೆಯ ತುಂಬ ಸಮನಾಗಿ ಹರಡುತ್ತದೆ. ಕೊನೆಯಲ್ಲಿ ಹಸಿಯಾಗಿ ಹಾಕಿದರೆ ತುತ್ತಿಗೊಮ್ಮೆ ಚುರುಕಾಗಿ ಸಿಗುತ್ತದೆ. ಹೆಚ್ಚು ಹೊತ್ತು ಬೇಯಿಸಿದರೆ ಖಾರ ಹೋಗುತ್ತದೆ ಎಂಬುದು ಸುಳ್ಳು. ಅದು ಹರಡುತ್ತದೆ, ಅಷ್ಟೇ. ಒಣಮೆಣಸಿನಕಾಯಿ ಹುರಿಯುವಾಗ ಸಣ್ಣ ಉರಿ, ಬಣ್ಣ ತುಸು ಗಾಢವಾದ ಕ್ಷಣವೇ ಇಳಿಸಿ. ಕಪ್ಪಾದರೆ ಕಹಿ, ಜೊತೆಗೆ ಮನೆಮಂದಿಗೆಲ್ಲ ಕೆಮ್ಮು. ಕಿಟಕಿ ತೆರೆದಿರಲಿ.

ರುಚಿ ನೋಡುವುದರಲ್ಲೂ ಒಂದು ಬಲೆಯಿದೆ. ಚೈನೆನ್ಸ್ ಜಾತಿಯ ಖಾರ ತಡವಾಗಿ ಏರುತ್ತದೆ. ಸಾಲದೆಂದು ಇನ್ನಷ್ಟು ಹಾಕುವ ಮೊದಲು ಒಂದು ನಿಮಿಷ ತಡೆಯಿರಿ. ಎರಡನೆಯದು, ನಾಲ್ಕಾರು ಬಾರಿ ರುಚಿ ನೋಡಿದ ಅಡುಗೆಯವರ ನಾಲಿಗೆ ಖಾರಕ್ಕೆ ಮಂದವಾಗಿರುತ್ತದೆ. ಕೊನೆಯ ತೀರ್ಪನ್ನು ಅಡುಗೆಮನೆಗೆ ಕಾಲಿಡದವರಿಗೆ ಬಿಡಿ.

ಮಿತಿಮೀರಿದರೆ? ಕೆನೆ, ತೆಂಗಿನ ಹಾಲು, ಮೊಸರಿನಂಥ ಕೊಬ್ಬಿನ ಪದಾರ್ಥ ಸೇರಿಸಿ. ತುಸು ಸಿಹಿ, ಹುಳಿ ಕೂಡ ತೀಕ್ಷ್ಣತೆಯನ್ನು ಮರೆಮಾಡುತ್ತವೆ. ಖಚಿತವಾದ ಪರಿಹಾರ ಒಂದೇ: ಮೆಣಸಿನಕಾಯಿ ಹಾಕದೆ ಅದೇ ಅಡುಗೆಯನ್ನು ಇನ್ನೊಂದಷ್ಟು ಮಾಡಿ ಬೆರೆಸುವುದು.

12. ಉಳಿದದ್ದನ್ನು ಕಾಪಿಡುವುದು

ಸುಲಭದ್ದು ಫ್ರೀಜರ್. ತೊಳೆದು ಒರೆಸಿ ಇಡಿಯಾಗಿ ಚೀಲಕ್ಕೆ ಹಾಕಿ. ಗರಿಗರಿತನ ಹೋಗುತ್ತದೆ, ಖಾರ ಉಳಿಯುತ್ತದೆ.

ಒಣಗಿಸುವುದಾದರೆ ತೆಳು ಸಿಪ್ಪೆಯ ತಳಿಗಳನ್ನು ಆರಿಸಿ. ಉದ್ದಕ್ಕೆ ಸೀಳಿ 55ರಿಂದ 60 ಡಿಗ್ರಿ ಶಾಖದಲ್ಲಿ, ಬಾಗಿಸಿದರೆ ಮುರಿಯುವಷ್ಟು ಒಣಗಿಸಿ. ಒಳಗೆ ಬೂಷ್ಟು ಕಂಡ ಕಾಯಿಯನ್ನು ತೊಳೆದು ಬಳಸುವ ಜಾಣತನ ಬೇಡ, ಕೆಲವು ಬೂಷ್ಟುಗಳ ವಿಷ ಹುರಿದರೂ ಹೋಗುವುದಿಲ್ಲ. ಪುಡಿ ಮಾಡಿದ ಮೇಲೆ ಮಿಕ್ಸರ್ ಮುಚ್ಚಳವನ್ನು ಹತ್ತು ನಿಮಿಷ ತೆರೆಯಬೇಡಿ.

ಹುದುಗಿಸಿದ ಖಾರದ ಸಾಸ್ ಮಾಡಲು ಹೆಚ್ಚಿದ ಒಂದು ಕಿಲೋ ಹಣ್ಣು ಮೆಣಸಿನಕಾಯಿಗೆ 25ರಿಂದ 30 ಗ್ರಾಂ ಉಪ್ಪು ಬೆರೆಸಿ, ಗಾಜಿನ ಭರಣಿಯಲ್ಲಿ ಅದರದೇ ರಸದಲ್ಲಿ ಮುಳುಗುವಂತೆ ಅದುಮಿ, ಮೇಲೆ ಭಾರವಿಡಿ. ಒಂದರಿಂದ ಮೂರು ವಾರ ನೆರಳಿನಲ್ಲಿ ಇಡಿ. ಒಳಗೆ ಅನಿಲ ಹುಟ್ಟುವುದರಿಂದ ಮುಚ್ಚಳ ಬಿಗಿಯಬೇಡಿ. ಮೇಲೆ ಬಿಳಿ ತೆಳು ಪೊರೆ ಬಂದರೆ ಕೆನೆಯಂತೆ ತೆಗೆದರೆ ಸಾಕು. ನವಿರು ಕೂದಲಿನಂಥ ಬಣ್ಣದ ಬೂಷ್ಟು ಬಂದರೆ ಭರಣಿಯಷ್ಟನ್ನೂ ಚೆಲ್ಲಿ. ಆಮ್ಲತೆ ಅಳೆಯುವ ಪಟ್ಟಿ ಸಿಕ್ಕರೆ ಪಿಎಚ್ 4ಕ್ಕಿಂತ ಕೆಳಗಿದೆಯೇ ನೋಡಿ, ಅರೆದು ಫ್ರಿಜ್ಜಿನಲ್ಲಿಡಿ.

ಮೆಣಸಿನ ಎಣ್ಣೆಗೆ ಪೂರ್ತಿ ಒಣಗಿದ ಕಾಯಿಯನ್ನೇ ಬಳಸಿ. ಹಸಿ ಮೆಣಸಿನಕಾಯಿ ಅಥವಾ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಕಪಾಟಿನಲ್ಲಿಟ್ಟರೆ ಗಾಳಿಯಿಲ್ಲದ ಆ ಜಾಗದಲ್ಲಿ ಬಾಟ್ಯುಲಿಸಂ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಬಹುದು. ವಾಸನೆ, ಬಣ್ಣ ಏನೂ ಬದಲಾಗದೆ ಪ್ರಾಣಕ್ಕೇ ಅಪಾಯ ತರುವ ವಿಷ ಅದು. ಹಸಿಯದನ್ನು ಹಾಕಿದ್ದರೆ ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ.

13. ಮುಂದಿನ ವರ್ಷಕ್ಕೆ

ಮೆಣಸಿನ ಗಿಡ ಬಹುವಾರ್ಷಿಕ. ಹಿಮ ಬೀಳದ ಕಡೆ ಫಸಲು ಮುಗಿದ ಮೇಲೆ ಕೊಂಬೆಗಳನ್ನು ಮೂರನೇ ಒಂದಕ್ಕೆ ಸವರಿ, ಮೇಲ್ಮಣ್ಣು ಬದಲಿಸಿದರೆ ಎರಡನೇ ವರ್ಷ ಬೇಗ ಚಿಗುರುತ್ತದೆ. ಚಳಿ ಹೆಚ್ಚಿರುವ ಕಡೆ ಒಳಗೆ ತಂದಿಟ್ಟು ನೀರು ಕಡಿಮೆ ಮಾಡಿ.

ಬೀಜ ಎತ್ತಿಡುವುದಾದರೆ ಪೂರ್ತಿ ಹಣ್ಣಾದ ಕಾಯಿಯಿಂದ ತೆಗೆದು ನೆರಳಿನಲ್ಲಿ ಒಣಗಿಸಿ. ಪುಡಿಗೆಂದು ಶಾಖದಲ್ಲಿ ಒಣಗಿಸಿದ ಕಾಯಿಯ ಬೀಜ ಮೊಳೆಯುವ ಭರವಸೆಯಿಲ್ಲ. ಪಕ್ಕದಲ್ಲಿ ಖಾರದ ಗಿಡವಿದ್ದರೆ ದಪ್ಪ ಮೆಣಸಿನಕಾಯಿಯೂ ಖಾರವಾಗುತ್ತದೆಯೇ ಎಂದು ಕೇಳುವವರಿಗೆ: ಈ ವರ್ಷದ ಕಾಯಿಯಲ್ಲಿ ಆಗುವುದಿಲ್ಲ. ಪರಾಗ ಅದಲುಬದಲಾಗಿದ್ದರೆ ಅದು ಗೊತ್ತಾಗುವುದು ಆ ಕಾಯಿಯ ಬೀಜ ಬಿತ್ತಿ ಬಂದ ಗಿಡದಲ್ಲಿ. ತಳಿ ಶುದ್ಧವಾಗಿ ಬೇಕಿದ್ದರೆ ಅರಳುವ ಮುನ್ನವೇ ಒಂದೆರಡು ಮೊಗ್ಗುಗಳಿಗೆ ತೆಳು ಬಲೆಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ ತೊಟ್ಟಿಗೆ ಗುರುತಿನ ದಾರ ಕಟ್ಟಿಡಿ.